ಗುಜರಿ ಇಂಜಿನ್ ಬೇಡ ಅಂದೆ, ಹಳೇದನ್ನೇ ಕಟ್ಟಿಸಿದೆ

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೆಚ್ಚುಕಮ್ಮಿ ಅರವತ್ತು ಕಿಲೋಮೀಟರ್. ಅಡಿಕೆ ಮೂಟೆ ಇಳಿಸಿ ವಾಪಸ್ ಬರುವಷ್ಟರಲ್ಲಿ ಅರ್ಧ ಲೀಟರ್ ಆಯಿಲ್ ಖಾಲಿ. ನನ್ನ 2009ರ ಬೊಲೆರೊ ಪಿಕಪ್ ಹೋದ ವರ್ಷ ಈ ಗತಿಗೆ ಬಂದಿತ್ತು. ಆಯಿಲ್ ಮುಚ್ಚಳ ತೆಗೆದರೆ ಆಲೆಮನೆ ಹಾಗೆ ಹೊಗೆ. ಇಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪನ್ನು ಒಂದು ಲೀಟರಿನ ನೀರಿನ ಬಾಟಲಿಗೆ ಇಳಿಬಿಟ್ಟು ಕಟ್ಟಿದ್ದೆ. ಒಂದು ಟ್ರಿಪ್ಪಿಗೆ ಕಾಲು ಬಾಟಲಿ ಕಪ್ಪು ಆಯಿಲ್ ತುಂಬುತ್ತಿತ್ತು. ಬ್ಯಾಕ್ ಕಂಪ್ರೆಷನ್, ಅಂದರೆ ಗ್ಯಾಸ್ ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗುತ್ತಿದೆ, ಅನ್ನಲು ಬೇರೆ ಸಾಕ್ಷಿ ಬೇಕಾ?

ಊರಲ್ಲಿ ಎಲ್ಲರದ್ದೂ ಒಂದೇ ಮಾತು. "ಇಂಜಿನ್ ಚೇಂಜ್ ಮಾಡಿ ಗೌಡ್ರೇ. ಹದಿನೈದು ವರ್ಷದ ಇಂಜಿನ್‌ಗೆ ದುಡ್ಡು ಹಾಕೋದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ." ಸರಿ ಅಂತ ಒಂದು ಗುಜರಿಗೆ ಹೋದೆ. 55 ಸಾವಿರ ಹೇಳಿದರು. ಟೈರಿನ ಮೇಲೆ ಇಂಜಿನ್ ಕೂರಿಸಿ, ಬಾಟಲಿಯಿಂದ ಡೀಸೆಲ್ ಕೊಟ್ಟು ಸ್ಟಾರ್ಟ್ ಮಾಡಿ ತೋರಿಸಿದರು. ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಹತ್ತಿತು, ಶಬ್ದವೂ ಚೆನ್ನಾಗಿತ್ತು. ಖುಷಿಯಲ್ಲಿ ಐದು ಸಾವಿರ ಅಡ್ವಾನ್ಸ್ ಕೊಟ್ಟು ಬಂದೆ. ಬಸ್ಸಿನಲ್ಲಿ ಕೂತಾಗ ನೆನಪಾಯಿತು: ನಾನು ಬ್ಲಾಕ್ ಮುಟ್ಟಿದಾಗ ಅದು ಬೆಚ್ಚಗಿತ್ತು. ಅಂದರೆ ನಾನು ಬರುವ ಮೊದಲೇ ಓಡಿಸಿಟ್ಟಿದ್ದರು!

ಮುಂದಿನ ವಾರ ಹೇಳದೇ ಕೇಳದೇ ಬೆಳಿಗ್ಗೆ ಏಳಕ್ಕೇ ಹೋಗಿ ನಿಂತೆ. ತಣ್ಣಗಿದ್ದ ಇಂಜಿನ್ ಐದಾರು ಸಲ ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಕಕ್ಕುತ್ತಾ ಎದ್ದಿತು. ಇಂಜಿನ್ ಮೇಲಿನ ಟ್ಯಾಪೆಟ್ ಕವರ್ ಬಿಚ್ಚಿಸಿದೆ. ಮೂಲೆಯಲ್ಲಿ ಒಣಗಿದ ನುಣುಪು ಕೆಸರು. ನೀರಲ್ಲಿ ಮುಳುಗಿದ್ದ ಗಾಡಿಯ ಇಂಜಿನ್ ಅದು. ಅಡ್ವಾನ್ಸ್ ಹೋಯಿತು, ಕೇಳಲೂ ಇಲ್ಲ.

ಕಾಗದದ ಕಾಟ ಬೇರೆ. ಬೇರೆ ಇಂಜಿನ್ ಕೂರಿಸಿದರೆ ನಂಬರ್ ಆರ್‌ಸಿಗೆ ಏರಿಸಬೇಕು. ನಮ್ಮದು ಸರಕಿನ ಗಾಡಿ, ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್). ಅಲ್ಲಿ ನಂಬರ್ ತಾಳೆ ಆಗದಿದ್ದರೆ ಮುಗಿಯಿತು. ಹೊಸ ತರದ ಕಾಮನ್ ರೈಲ್ ಇಂಜಿನ್ ಕೂರಿಸಿ ಅಂತಲೂ ಒಬ್ಬರು ತಲೆ ತಿಂದರು. ವೈರಿಂಗ್, ಇಸಿಎಂ ಅನ್ನೋ ಕಂಪ್ಯೂಟರ್, ಇಂಟರ್‌ಕೂಲರ್ ಎಲ್ಲ ಸೇರಿ ಲಕ್ಷ ದಾಟುತ್ತಿತ್ತು. ಆಗುಂಬೆ ಮಳೆಯಲ್ಲಿ ಒಂದು ಸೆನ್ಸರ್ ಹೋದರೆ ಯಾರನ್ನು ಕರೆಯಲಿ ಮಾರಾಯ್ರೇ? ನಮ್ಮದು 2523 ಸಿಸಿಯ ಡಿಐ, ಹಳೇ ತರದ ಡೀಸೆಲ್ ಇಂಜಿನ್. ಬೋರ್ (ಸಿಲಿಂಡರಿನ ಅಗಲ) ಮೂರೂವರೆ ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ನಾಲ್ಕು ಇಂಚು. ಆ ಇಂಚಿನ ಲೆಕ್ಕ ನೋಡಿದರೇ ಗೊತ್ತಾಗುತ್ತದೆ, ಇದು ಟ್ರ್ಯಾಕ್ಟರ್ ವಂಶದ್ದು. ಕಟ್ಟಿದರೆ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ಈ ಬ್ಲಾಕ್ ಅಲ್ಲಿಯವರೆಗೆ ಒಮ್ಮೆಯೂ ಹೀಟ್ ಆಗಿರಲಿಲ್ಲ ಅಂತ ನನಗೆ ಗೊತ್ತಿತ್ತು. ಗುಜರಿಯದ್ದರ ಜಾತಕ ಯಾರಿಗೆ ಗೊತ್ತು?

ಮೊದಲು ಜಿಪುಣತನ ಮಾಡಿದೆ. ಬರೀ ಪಿಸ್ಟನ್ ರಿಂಗ್ ಮತ್ತು ಬಿಗ್ ಎಂಡ್ ಮೆಟಲ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಕೂರುವ ಕಡೆಯ ಬೇರಿಂಗ್) ಹಾಕಿಸಿದೆ, ಗ್ಯಾಸ್ಕೆಟ್ ಕೂಲಿ ಎಲ್ಲ ಸೇರಿ ಹದಿನಾಲ್ಕು ಸಾವಿರ. ಎರಡು ತಿಂಗಳಲ್ಲಿ ಬಾಟಲಿ ಮತ್ತೆ ತುಂಬತೊಡಗಿತು. ಸವೆದ ಲೈನರಿಗೆ, ಅಂದರೆ ಪಿಸ್ಟನ್ ಓಡುವ ಕೊಳವೆಗೆ, ಹೊಸ ರಿಂಗ್ ಹಾಕಿದರೆ ಇನ್ನೇನಾಗುತ್ತದೆ.

ಎರಡನೇ ಸಲ ಇಂಜಿನ್ ಪೂರ್ತಿ ಇಳಿಸಿದೆವು. ಕ್ರ್ಯಾಂಕಿನ ಜರ್ನಲ್ (ಬೇರಿಂಗ್ ಕೂರುವ ಭಾಗ) ಮೇಲೆ ಉಗುರು ಎಳೆದರೆ ಗೆರೆಗೆ ಸಿಕ್ಕಿಕೊಳ್ಳುತ್ತಿತ್ತು. ಗ್ರೈಂಡಿಂಗ್ ಮಾಡಿಸಿ, ಸಣ್ಣಗಾದ ಜರ್ನಲ್ಲಿಗೆ ಕೂರುವ ಹತ್ತರ ಸೈಜಿನ ದಪ್ಪ ಮೆಟಲ್ ಹಾಕಿದೆವು. ನಾಲ್ಕು ಸಿಲಿಂಡರಿಗೂ ಲೈನರ್, ಪಿಸ್ಟನ್, ರಿಂಗ್ ಹೊಸದು. ಒಂದೊಂದು ರಿಂಗನ್ನೂ ಲೈನರ್ ಒಳಗಿಟ್ಟು, ತುದಿಗಳ ನಡುವಿನ ಗ್ಯಾಪನ್ನು ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ನಾನೇ ನೋಡಿದೆ. ಒಂದು ರಿಂಗ್ ಬಿಗಿ ಇತ್ತು, ಕೂತು ಅರ ಹೊಡೆದೆ. ವಾಲ್ವ್ ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಕೂರಿಸುವುದು) ಆದ ಮೇಲೆ ಗಾಳಿ ಹೋಗುವ ಪೋರ್ಟಿಗೆ ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎರಡು ವಾಲ್ವಿನ ಹತ್ತಿರ ಒದ್ದೆ. ಮತ್ತೆ ಉಜ್ಜಿದ್ದು. ಲೈನರ್ ಕೂರಿಸುವಾಗ ಮೇಸ್ತ್ರಿ ಒಂದು ಉಪಾಯ ಮಾಡಿದರು. ಅದು ಅವರ ಹೊಟ್ಟೆಪಾಡು, ಇಲ್ಲಿ ಬರೆಯಲ್ಲ. ಕ್ರ್ಯಾಂಕ್ ಕೊಟ್ಟ ಜಾಗವನ್ನೂ ಹೇಳಲ್ಲ, ಈಗಲೇ ಅಲ್ಲಿ ಎಂಟು ದಿನ ಕಾಯಬೇಕು.

ಇಷ್ಟೆಲ್ಲ ಮಾಡಿದವನು ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಹೆಡ್ಡಿನ ವಿಷಯದಲ್ಲಿ ಬೇರೆಯವರ ಬಾಯಿಮಾತು ನಂಬಿದೆ. "ಮಟ್ಟ ಇದೆ ಅಣ್ಣ, ಫೇಸಿಂಗ್ ಬೇಡ" ಅಂದರು. ಫೇಸಿಂಗ್ ಅಂದರೆ ಹೆಡ್ಡಿನ ತಳ ಕೆರೆದು ಸಮ ಮಾಡುವುದು. ಬಿಟ್ಟೆ. ಮುನ್ನೂರು ಕಿಲೋಮೀಟರ್ ಆಗಿರಬೇಕು, ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಏಳನೇ ತಿರುವಿನಲ್ಲಿ ಹೀಟ್ ಮುಳ್ಳು ಮೇಲೆದ್ದಿತು. ಬದಿಗೆ ನಿಲ್ಲಿಸಿ, ಆರುವವರೆಗೆ ಮಂಗಗಳ ಜೊತೆ ಮುಕ್ಕಾಲು ಗಂಟೆ ಕೂತೆ. ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ರೇಡಿಯೇಟರಿನಲ್ಲಿ ಗುಳುಗುಳು ಗುಳ್ಳೆ. ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಬಿಚ್ಚಿ ಸ್ಟೀಲ್ ಪಟ್ಟಿ ಅಡ್ಡ ಇಟ್ಟು ನೋಡಿದರೆ ಎರಡು-ಮೂರನೇ ಸಿಲಿಂಡರ್ ನಡುವೆ ಫೀಲರ್ ಆರಾಮಾಗಿ ತೂರಿತು. ಫೇಸಿಂಗ್, ಹೊಸ ಗ್ಯಾಸ್ಕೆಟ್, ಟೋಯಿಂಗ್ ಸೇರಿ ಏಳೆಂಟು ಸಾವಿರ ದಂಡ. ಊರಲ್ಲಿ ನಕ್ಕವರಿಗೆ ಅವತ್ತು ಹಬ್ಬ.

ರನ್ನಿಂಗ್ ಇನ್, ಅಂದರೆ ಕಟ್ಟಿದ ಇಂಜಿನ್ ಪಳಗಿಸುವ ವಿಷಯದಲ್ಲೂ ಜಗಳ. "ಸಾವಿರ ಕಿಲೋಮೀಟರ್ ಖಾಲಿ ಗಾಡಿ ಓಡಿಸಿ" ಅಂದರು. ನಾನು ಎರಡನೇ ದಿನವೇ ಅರ್ಧ ಲೋಡ್ ಗೊಬ್ಬರ ಹಾಕಿದೆ. ಖಾಲಿ ಓಡಿಸಿದರೆ, ಐಡಲ್ಲಿನಲ್ಲಿ ಸುಮ್ನೆ ಬಿಟ್ಟರೆ ರಿಂಗ್ ಕೂರಲ್ಲ, ಲೈನರ್ ಗಾಜಿನ ಹಾಗೆ ನುಣ್ಣಗಾಗುತ್ತದೆ. ಐವತ್ತರ ಸ್ಪೀಡ್ ದಾಟಲಿಲ್ಲ, ಹೈ ಗೇರಿನಲ್ಲಿ ಎಳೆಸಲಿಲ್ಲ, ಐನೂರಕ್ಕೆ ಆಯಿಲ್ ಬದಲಿಸಿದೆ. ಅಷ್ಟೇ.

ನಡುವೆ ಇನ್ನೊಂದು ಹುಚ್ಚಾಟ. ಘಾಟಿಯ ಹೆದರಿಕೆಗೆ ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ತಡೆಯುವ ಥರ್ಮೋಸ್ಟಾಟ್ ಕಿತ್ತು ಓಡಿಸಿದೆ. ನಮ್ಮ ಮಳೆ ಚಳಿಗೆ ಮುಳ್ಳು ಮೇಲೇಳಲೇ ಇಲ್ಲ. ಬೆಳಿಗ್ಗೆ ಹೊಗೆ ಜಾಸ್ತಿ, ಮೈಲೇಜ್ ಒಂದು ಕಿಲೋಮೀಟರ್ ಕಮ್ಮಿ. ಹದಿನೈದು ದಿನಕ್ಕೆ ವಾಪಸ್ ಹಾಕಿದೆ.

ಲೆಕ್ಕ ನೆನಪಿದ್ದಷ್ಟು: ಲೈನರ್-ಪಿಸ್ಟನ್ ಸೆಟ್ ಹನ್ನೊಂದು, ಕ್ರ್ಯಾಂಕ್ ಮತ್ತು ಮೆಟಲ್ ಆರು, ಹೆಡ್ ಕೆಲಸ ಐದು, ಡೀಸೆಲ್ ಪಂಪ್ ಮತ್ತು ನಾಝಲ್ ಒಂಬತ್ತು, ಆಯಿಲ್ ಪಂಪ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಸೇರಿ ಹತ್ತು, ಕೂಲಿ ಹನ್ನೆರಡು ಸಾವಿರ. ಅಲ್ಲಿಗೆ 53. ಘಾಟಿಯ ದಂಡ ಸೇರಿದರೆ ಅರವತ್ತು ದಾಟಿತು. ಮೊದಲು ರಿಂಗಿಗೆ ಕಳೆದದ್ದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ.

ಈಗ ಹದಿನೆಂಟು ಸಾವಿರ ಕಿಲೋಮೀಟರ್ ಆಗಿದೆ. ಲೋಡಿನಲ್ಲಿ ಹನ್ನೆರಡು ಹದಿಮೂರು ಮೈಲೇಜ್ ಕೊಡುತ್ತಿದೆ. ಬ್ರೀದರಿನ ಬಾಟಲಿ ಇನ್ನೂ ಕಟ್ಟಿಯೇ ಇದೆ, ತಳ ಒದ್ದೆಯಾಗಿದ್ದು ಬಿಟ್ಟರೆ ಏನೂ ಇಲ್ಲ. ಕ್ರ್ಯಾಂಕಿನ ಹಿಂಭಾಗದ ಆಯಿಲ್ ಸೀಲ್ ಮಾತ್ರ ಸಣ್ಣಗೆ ಜಿನುಗುತ್ತಿದೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸಬೇಕು, ಅಡಿಕೆ ಸೀಸನ್ ಮುಗಿಯಲಿ ನೋಡೋಣ.