ಘನ, ದ್ರವ, ಅನಿಲ: ಬಾಯಿಪಾಠ ಬಿಡಿ, ಕಣ ಏನು ಮಾಡ್ತಿದೆ ನೋಡಿ

ಒಂಬತ್ತನೇ ಕ್ಲಾಸಿನ ಈ ಪಾಠವನ್ನು ಹೆಚ್ಚಿನವರು ಒಂದು ಟೇಬಲ್ ಬರೆದುಕೊಂಡು ಉರು ಹೊಡೆದು ಮುಗಿಸುತ್ತಾರೆ. ಘನಕ್ಕೆ ಆಕಾರ ಇದೆ, ದ್ರವಕ್ಕೆ ಇಲ್ಲ, ಅನಿಲಕ್ಕೆ ಗಾತ್ರವೂ ಇಲ್ಲ. ಸರಿ. ಆದರೆ ಪರೀಕ್ಷೆಯಲ್ಲಿ "ಯಾಕೆ?" ಅಂತ ಕೇಳಿದರೆ ಪೆನ್ನು ನಿಂತುಬಿಡುತ್ತದೆ. ಹಿಡಿದುಕೊಳ್ಳಬೇಕಾದ ಮಾತು ಒಂದೇ: ಕಣ ಬದಲಾಗುವುದಿಲ್ಲ, ಅದರ ಓಡಾಟ, ನಡುವಿನ ಜಾಗ, ಒಂದಕ್ಕೊಂದರ ಹಿಡಿತ ಬದಲಾಗುತ್ತವೆ. ಐಸಿನಲ್ಲೂ ನೀರಿನಲ್ಲೂ ಹಬೆಯಲ್ಲೂ ಇರುವುದು ಅದೇ ನೀರಿನ ಕಣ.

ಮೊದಲು ಚಿತ್ರ ಬರೆಯಿರಿ. ಮೂರು ಚೌಕ, ಮೂರರಲ್ಲೂ ಚುಕ್ಕಿ ಒಂದೇ ಸೈಜು. ಘನದಲ್ಲಿ ಸಾಲಾಗಿ, ಒತ್ತಾಗಿ. ದ್ರವದಲ್ಲಿ ಸಾಲು ಕೆಡಿಸಿ, ಆದರೆ ದೂರ ಮಾಡಬೇಡಿ, ತಾಗಿಕೊಂಡೇ ಇರಲಿ. ಇಲ್ಲೇ ಎಡವುವವರು ಜಾಸ್ತಿ. ದ್ರವ ಅಂದರೆ ನಡುವಿನದು ಅಲ್ವಾ ಅಂತ ಚುಕ್ಕಿಗಳನ್ನೂ ನಡು ದೂರಕ್ಕೆ ಹಾಕಿಬಿಡುತ್ತಾರೆ. ಅನಿಲಕ್ಕೆ ನಾಲ್ಕೈದು ಚುಕ್ಕಿ ಸಾಕು. ಚುಕ್ಕಿಗಳ ಮಧ್ಯೆ ಏನಿದೆ ಅಂದರೆ "ಗಾಳಿ" ಅನ್ನಬೇಡಿ, ಅಲ್ಲಿ ಏನೂ ಇಲ್ಲ. ಇನ್ನೊಂದು, ಘನದ ಕಣಗಳೂ ಸುಮ್ನೆ ಕೂತಿರುವುದಿಲ್ಲ, ಇದ್ದಲ್ಲೇ ಅಲುಗಾಡುತ್ತಿರುತ್ತವೆ. (ನೀರು ಮಾತ್ರ ಸ್ವಲ್ಪ ತಕರಾರಿನ ವಸ್ತು. ಐಸಾದಾಗ ಕುಗ್ಗುವ ಬದಲು ಸುಮಾರು 9% ಹಿಗ್ಗುತ್ತದೆ. ಐಸ್ ತೇಲುವುದು ಅದಕ್ಕೇ.)

ಚಿತ್ರ ನಿಜವೋ ಸುಳ್ಳೋ ಪರೀಕ್ಷೆ ಮಾಡಬೇಕಾ? ಮೆಡಿಕಲ್ ಶಾಪಿನಿಂದ ಸೂಜಿ ಇಲ್ಲದ ಹೊಸ ಸಿರಿಂಜ್ ತನ್ನಿ. ಗಾಳಿ ಎಳೆದುಕೊಂಡು ತುದಿಗೆ ಬೆರಳು ಒತ್ತಿ, ಹಿಂದಿನಿಂದ ತಳ್ಳಿ. ಒಳಗೆ ಹೋಗುತ್ತದೆ. ಈಗ ಗುಳ್ಳೆ ಇಲ್ಲದ ಹಾಗೆ ನೀರು ತುಂಬಿ ತಳ್ಳಿ. ಜಗ್ಗುವುದೇ ಇಲ್ಲ. ಗಾಳಿಯ ಕಣಗಳ ನಡುವೆ ಜಾಗ ಇದೆ, ನೀರಿನ ಕಣಗಳು ತಾಗಿಕೊಂಡೇ ಇವೆ.

ಆಮೇಲೆ ಎರಡು ಗಾಜಿನ ಲೋಟ, ಒಂದರಲ್ಲಿ ಫ್ರಿಜ್ ನೀರು, ಇನ್ನೊಂದರಲ್ಲಿ ಬಿಸಿ ನೀರು. ಸುರಿದ ಕೂಡಲೇ ಇಂಕ್ ಬಿಡಬೇಡಿ, ನೀರಿನ ಸುಳಿ ನಿಲ್ಲಲಿ. ಒಂದೊಂದು ಹನಿ ಬಿಟ್ಟು, ಕಲಕದೆ ನೋಡಿ. ಬಿಸಿ ನೀರಿನಲ್ಲಿ ಕಣಗಳ ಓಟ ಜೋರು, ಇಂಕ್ ಬೇಗ ಹರಡುತ್ತದೆ. ಕಣಗಳು ಹೀಗೆ ತಾವಾಗಿಯೇ ಬೆರೆತು ಹರಡುವುದೇ ವಿಸರಣೆ.

ವಿಸರಣೆಗೆ ಉದಾಹರಣೆ ಅಂದರೆ ದಾವಣಗೆರೆ ಮಕ್ಕಳು ಬೆಣ್ಣೆ ದೋಸೆ ವಾಸನೆ ಬರೆಯಬಹುದು, ಬರೆಯಲಿ. ಆದರೆ ಬೀದಿಯಲ್ಲಿ ಆ ವಾಸನೆಯನ್ನು ಹೊತ್ತು ತರುವುದು ಬಹುಪಾಲು ಬೀಸುವ ಗಾಳಿ. ಫ್ಯಾನ್ ಆಫ್ ಮಾಡಿ, ಬಾಗಿಲು ಮುಚ್ಚಿ, ಮೂಲೆಯಲ್ಲಿ ಊದುಬತ್ತಿ ಹಚ್ಚಿ ನೋಡಿ. ಗಾಳಿಯ ಕಣಗಳು ಸೆಕೆಂಡಿಗೆ ಸುಮಾರು 500 ಮೀಟರ್ ವೇಗದಲ್ಲಿ ಓಡುತ್ತಿದ್ದರೂ ವಾಸನೆ ಆ ಮೂಲೆಗೆ ತಲುಪಲು ಹೊತ್ತು ಹಿಡಿಯುತ್ತದೆ, ಯಾಕಂದರೆ ಸಂತೆಯ ಜನರ ನಡುವೆ ಓಡಲು ಹೋದ ಹಾಗೆ ಪ್ರತಿ ಕಣವೂ ಡಿಕ್ಕಿ ಹೊಡೆಯುತ್ತಾ ದಿಕ್ಕು ತಪ್ಪುತ್ತಾ ಸಾಗಬೇಕು. ನೀರಿನಲ್ಲಿ ಪರಾಗದೊಳಗಿನಿಂದ ಬಂದ ಸಣ್ಣ ಪುಡಿ ಹೀಗೆ ಅಡ್ಡಾದಿಡ್ಡಿ ಅಲೆಯುವುದನ್ನು 1827ರಲ್ಲಿ ರಾಬರ್ಟ್ ಬ್ರೌನ್ ಗಮನಿಸಿದರು. ಅದಕ್ಕೆ ಲೆಕ್ಕದ ಸಮೇತ ಕಾರಣ ಕೊಟ್ಟಿದ್ದು ಐನ್‌ಸ್ಟೈನ್, 1905ರಲ್ಲಿ.

ನನ್ನ ಪ್ರಕಾರ ಈ ಪಾಠಕ್ಕೆ ನಮ್ಮೂರು ದಾವಣಗೆರೆಯ ಮಂಡಕ್ಕಿ ಭಟ್ಟಿಗಿಂತ ಒಳ್ಳೆಯ ಲ್ಯಾಬ್ ಇಲ್ಲ. ಮನೆಯವರ ಜೊತೆ ಹೋಗಿ, ದೂರ ನಿಂತು ನೋಡಿ. ಅಕ್ಕಿ ಕಾದ ಮರಳಿಗೆ ಬೀಳುತ್ತದೆ, ನೋಡನೋಡುತ್ತಲೇ ಅರಳುತ್ತದೆ. ಅಕ್ಕಿಯೊಳಗೆ ಸ್ವಲ್ಪ ನೀರಿನ ಅಂಶ ಉಳಿದಿರುತ್ತದೆ. ಮರಳು ಕಾಳಿನ ಸುತ್ತಲೂ ಮುತ್ತಿಕೊಂಡು ಒಮ್ಮೆಗೇ ಶಾಖ ಕೊಟ್ಟಾಗ ಆ ನೀರು ಹಬೆಯಾಗುತ್ತದೆ. ಹಬೆಯಾದ ನೀರಿಗೆ ಸಾಮಾನ್ಯ ಒತ್ತಡದಲ್ಲಿ ಮೊದಲಿನ ಸುಮಾರು 1,600 ಪಟ್ಟು ಜಾಗ ಬೇಕು. ಒಳಗೆ ಅಷ್ಟು ಜಾಗ ಎಲ್ಲಿದೆ? ಒತ್ತಡ ಏರಿ, ಬಿಸಿಗೆ ಮೆತ್ತಗಾದ ಕಾಳು ಉಬ್ಬುತ್ತದೆ. ಅದೇ ಅಕ್ಕಿಯನ್ನು ಸಣ್ಣ ಉರಿಯಲ್ಲಿ ನಿಧಾನ ಹುರಿದರೆ ನೀರು ಮೆಲ್ಲಗೆ ಹೊರಗೆ ಹೋಗಿಬಿಡುತ್ತದೆ, ಮಂಡಕ್ಕಿ ಆಗುವುದಿಲ್ಲ. ನೀರಿನ ಕಣ ಉಬ್ಬಿತು ಅಂತ ಮಾತ್ರ ಬರೆಯಬೇಡಿ. ಹೆಚ್ಚಿದ್ದು ಕಣಗಳ ನಡುವಿನ ಜಾಗ.

ಕರಗುವುದನ್ನು ನೋಡಲು ಲ್ಯಾಬಿನ ಥರ್ಮಾಮೀಟರ್ ಬೇಕು, ಜ್ವರದ್ದು ನಡೆಯುವುದಿಲ್ಲ. ಪುಡಿ ಮಾಡಿದ ಐಸಿನಲ್ಲಿ ಇಟ್ಟು ಕಲಕುತ್ತಾ ನಿಧಾನ ಬಿಸಿ ಮಾಡಿ. ಐಸ್ ಪೂರ್ತಿ ಕರಗುವವರೆಗೂ ಅಂಕಿ 0 ಡಿಗ್ರಿ ಹತ್ತಿರವೇ ನಿಂತಿರುತ್ತದೆ. ಕೊಟ್ಟ ಶಾಖ ಎಲ್ಲಿ ಹೋಯಿತು? ಕಣಗಳ ವೇಗ ಹೆಚ್ಚಿಸಲು ಅಲ್ಲ, ಅವುಗಳ ನಡುವಿನ ಹಿಡಿತ ಸಡಿಲಿಸಲು. ಇದಕ್ಕೇ ಗುಪ್ತೋಷ್ಣ ಅನ್ನುವುದು. ಒಂದು ಕೆಜಿ ಐಸ್ ಕರಗಲು ಸುಮಾರು 334 ಕಿಲೋಜೌಲ್ ಸಾಕು, ಕುದಿಯುವ ಒಂದು ಕೆಜಿ ನೀರು ಹಬೆಯಾಗಲು ಸುಮಾರು 2,260 ಬೇಕು. ಕುದಿನೀರಿಗಿಂತ ಹಬೆಯ ಸುಟ್ಟಗಾಯ ಯಾಕೆ ಜೋರು ಅನ್ನುವ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕುದಿಸುವಾಗ ಒಂದು ತಮಾಷೆ ಕಾಣುತ್ತೀರಿ. ದಾವಣಗೆರೆ ಸಮುದ್ರ ಮಟ್ಟದಿಂದ 600 ಮೀಟರ್ ಆಸುಪಾಸಿನಲ್ಲಿದೆ, ಚಿತ್ರದುರ್ಗ 700ಕ್ಕಿಂತ ಮೇಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಕಣಗಳಿಗೆ ಹಬೆಯಾಗಿ ಹೊರಗೆ ಬರುವುದು ಸುಲಭ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದು ಇಳಿಯುತ್ತದೆ. ಹಾಗಾಗಿ ನಮ್ಮಲ್ಲಿ ನೀರು 98ರ ಹತ್ತಿರವೇ ಕುದಿಯುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂತ ಬೈಯಬೇಡಿ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಕಂಡ ಅಂಕಿಯನ್ನೇ ಬರೆದು ಪಕ್ಕದಲ್ಲಿ ಎತ್ತರದ ಕಾರಣ ಸೇರಿಸಿ. ಥಿಯರಿ ಪೇಪರಿನಲ್ಲಿ ಮಾತ್ರ ಒಂದು ವಾಯುಮಂಡಲ ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್, ಅಂದರೆ 373 ಕೆಲ್ವಿನ್ ಅಂತಲೇ ಬರೆಯಿರಿ.