ಸಣ್ಣ ಮೇಫ್ಲೈಗಳನ್ನು ಗುರುತಿಸುವುದು ಹೇಗೆ?

ಹಿಮಾಚಲದ ತೀರ್ಥನ್ ನದಿಯಲ್ಲಿ ಟ್ರೌಟ್ ಮೀನಿಗೆ ಕೃತಕ ಕೀಟದ ಗಾಳ ಎಸೆಯುವ ಹಂಬಲವುಳ್ಳವರು ಮೇಫ್ಲೈಗಳನ್ನು, ಅಂದರೆ ನೀರಿನಲ್ಲಿ ಮರಿಯಾಗಿ ಬೆಳೆದು ಬಳಿಕ ರೆಕ್ಕೆ ಪಡೆಯುವ ಕೀಟಗಳನ್ನು, ಗುರುತಿಸುವ ಅಭ್ಯಾಸವನ್ನು ಕಲಬುರಗಿಯಲ್ಲಿಯೇ ಆರಂಭಿಸಬಹುದು. ನೀರಿನಲ್ಲಿರುವ ಕೀಟಕ್ಕೂ ಗಾಳಕ್ಕೆ ಕಟ್ಟಿದ್ದಕ್ಕೂ ಹೋಲಿಕೆಯಿಲ್ಲದಿದ್ದರೆ ಮೀನು ಅನೇಕ ವೇಳೆ ತಿರುಗಿಯೂ ನೋಡುವುದಿಲ್ಲ.

ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ಮಳಖೇಡದ ಬಳಿ ಕಾಗಿಣಾ ನದಿಯ ಹರಿಯುವ ತೆಳುನೀರಿನಲ್ಲಿ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ, ಅದರ ತಳದಲ್ಲಿ ಅಂಟಿರುವ ಮರಿಗಳನ್ನು ನದಿಯ ನೀರು ತುಂಬಿದ ಬಿಳಿ ತಟ್ಟೆಗೆ ಬಿಡಿ. ಕಲ್ಲನ್ನು ಇದ್ದಲ್ಲಿಯೇ, ಇದ್ದಂತೆಯೇ ಮರಳಿ ಇಡಲೇಬೇಕು. ಅದು ಎಷ್ಟೋ ಜೀವಿಗಳ ಮನೆ.

ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಮೊದಲು ಕಾಲುಗಳನ್ನು ನೋಡಿ. ಪ್ರತಿ ಕಾಲಿನ ತುದಿಯಲ್ಲಿ ಒಂದೇ ಉಗುರಿದ್ದು, ಹೊಟ್ಟೆಯ ಪಕ್ಕಗಳಲ್ಲಿ ಕಿವಿರುಗಳಿದ್ದರೆ ಅದು ಮೇಫ್ಲೈ ಮರಿ; ಸ್ಟೋನ್‌ಫ್ಲೈ ಎಂಬ ಇನ್ನೊಂದು ನೀರಕೀಟದ ಮರಿಗೆ ಎರಡು ಉಗುರು. ಬಾಲದ ಮೂರು ಎಳೆಗಳನ್ನಷ್ಟೇ ನಂಬಬೇಡಿ, ಏಕೆಂದರೆ ಏರೋಪ್ಲೇನ್ ಚಿಟ್ಟೆಯ ಸಂಬಂಧಿಯಾದ ಡ್ಯಾಮ್ಸೆಲ್‌ಫ್ಲೈ ಮರಿಗೂ ಹಿಂದೆ ಮೂರು ಭಾಗಗಳಿರುತ್ತವೆ, ಆದರೆ ಅವು ಎಲೆಯಂತೆ ಅಗಲವಾದ ಕಿವಿರುಗಳು.

ಇನ್ನು ಕುಟುಂಬ. ಸಪೂರ ಮೈಯ, ತಟ್ಟೆಯಲ್ಲಿ ಚಿಮ್ಮಿ ಚಿಮ್ಮಿ ಈಜುವ ಮರಿ ಸಾಮಾನ್ಯವಾಗಿ ಬೇಟಿಡೇ ಕುಟುಂಬದ್ದು. ಕೆಸರಿನಲ್ಲಿ ನಿಧಾನವಾಗಿ ತೆವಳುವ ಸೀನಿಡೇ ಮರಿಯನ್ನು ತಿರುಗಿಸಿ ಬೆನ್ನಿನ ಕಡೆ ನೋಡಿದರೆ, ಹೊಟ್ಟೆಯ ಎರಡನೆಯ ಖಂಡದ ಕಿವಿರು ಚೌಕಾಕಾರದ ಮುಚ್ಚಳವಾಗಿ ಬೆಳೆದು ಹಿಂದಿನ ಕಿವಿರುಗಳನ್ನು ಮುಚ್ಚಿರುವುದು ಕಾಣುತ್ತದೆ. ಕೆಸರಿನ ಕಣಗಳಿಂದ ಕಿವಿರುಗಳಿಗೆ ಸಿಗುವ ಈ ರಕ್ಷಣೆ ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವಂಥದ್ದಲ್ಲ.

ರೆಕ್ಕೆ ಬಂದ ಕೀಟಕ್ಕೆ ಎರಡು ಹಂತಗಳಿವೆ. ಮಂಕು ರೆಕ್ಕೆಯ ‘ಡನ್’ ಮತ್ತೊಮ್ಮೆ ಪೊರೆ ಕಳಚಿ, ಹೊಳೆಯುವ ಪಾರದರ್ಶಕ ರೆಕ್ಕೆಯ ‘ಸ್ಪಿನ್ನರ್’ ಆಗುತ್ತದೆ. ಹಾರುವ ರೆಕ್ಕೆ ಬಂದ ಮೇಲೂ ಪೊರೆ ಕಳಚುವ ಕೀಟಗಳು ಇಂದು ಇವು ಮಾತ್ರ. ಬೇಟಿಡೇಗೆ ಎರಡು ಬಾಲದೆಳೆಗಳು, ಹಿಂದಿನ ರೆಕ್ಕೆ ಅತಿ ಚಿಕ್ಕದು ಅಥವಾ ಇಲ್ಲವೇ ಇಲ್ಲ; ಗಂಡಿನ ತಲೆಯ ಮೇಲೆ ಪೇಟ ಸುತ್ತಿದಂತೆ ಎದ್ದ ಜೋಡಿ ಕಣ್ಣುಗಳಿರುತ್ತವೆ. ಸೀನಿಡೇಗೆ ಮೂರು ಬಾಲದೆಳೆಗಳು, ಹಿಂದಿನ ರೆಕ್ಕೆ ಇರುವುದೇ ಇಲ್ಲ.

ಬಣ್ಣವನ್ನು ಕೊನೆಗೆ ನೋಡಿ. ಒಂದೇ ಜಾತಿಯಲ್ಲಿಯೂ ಅದು ಹಂತಕ್ಕೆ ತಕ್ಕಂತೆ ಮತ್ತು ಗಂಡು-ಹೆಣ್ಣಿಗೆ ತಕ್ಕಂತೆ ಬದಲಾಗುತ್ತದೆ. ಬಳಿಕ ಮೈಯ ಉದ್ದವನ್ನು ಅಳೆದು ಗಾಳ ಆರಿಸಿ. ಈ ಗಾಳಗಳ ಗಾತ್ರ ಸೂಚಿಸುವ ಸಂಖ್ಯೆ ಹೆಚ್ಚಿದಷ್ಟೂ ಗಾಳ ಕಿರಿದಾಗುವುದರಿಂದ, ಸಣ್ಣ ಬೇಟಿಡೇಗಳಿಗೆ 18 ಅಥವಾ 20, ಸೀನಿಡೇಗಳಿಗೆ 22 ಅಥವಾ 24 ಹೊಂದುತ್ತದೆ.