25 ಜನರ ಸಂಜೆ ಕೂಟಕ್ಕೆ ಎಣ್ಣೆ, ಸಕ್ಕರೆ ಕಡಿಮೆ ಇರುವ ತಿಂಡಿ ಮತ್ತು ಪಾನೀಯ

ಹುಟ್ಟುಹಬ್ಬದ ಸಂಜೆ ಕೋಸಂಬರಿ ಹಾಗೇ ಉಳಿದು ಬಜ್ಜಿ ತಟ್ಟೆ ಮಾತ್ರ ಖಾಲಿಯಾದರೆ, ನಮ್ಮ ಜನಕ್ಕೆ ಎಣ್ಣೆತಿಂಡಿಯೇ ಬೇಕು ಎಂದುಕೊಂಡು ಮುಂದಿನ ಸಲ ಬಜ್ಜಿಯನ್ನೇ ಹೆಚ್ಚು ಮಾಡುತ್ತೇವೆ. ಹೆಚ್ಚಿನ ಮನೆಗಳಲ್ಲಿ ನಿಜವಾದ ಕಾರಣ ಬೇರೆ. ನೆಂಟರು ಬರುವಷ್ಟರಲ್ಲಿ ಕೋಸಂಬರಿ ನೀರು ಬಿಟ್ಟಿರುತ್ತದೆ, ಚುರುಮುರಿ ಮೆತ್ತಗಾಗಿರುತ್ತದೆ, ಐಸ್ ಕರಗಿ ಪಾನಕ ಸಪ್ಪೆಯಾಗಿರುತ್ತದೆ. ಬಜ್ಜಿಯನ್ನು ಮಾತ್ರ ಜನ ಬಂದ ಮೇಲೆ ಬಿಸಿಬಿಸಿಯಾಗಿ ಕರಿದು ಕೊಟ್ಟಿರುತ್ತೇವೆ. ಅದೇ ಕಾಳಜಿಯನ್ನು ಉಳಿದ ತಿಂಡಿಗಳಿಗೂ ಕೊಟ್ಟರೆ ಅವೂ ಖಾಲಿಯಾಗುತ್ತವೆ. ಯಾವುದನ್ನು ಯಾವಾಗ ಬೆರೆಸಬೇಕು ಎಂಬುದರಲ್ಲೇ ಅರ್ಧ ಕೆಲಸ ಇದೆ.

ಇಲ್ಲಿನ ಅಳತೆಗಳು 25 ಜನರಿಗೆ. ಅವರಲ್ಲಿ ಆರೇಳು ಮಕ್ಕಳು, ಸಂಜೆ 5ರಿಂದ 8ರವರೆಗಿನ ಕೂಟ ಎಂದಿಟ್ಟುಕೊಳ್ಳಿ. ಎರಡು ಪಾನೀಯ, ಮೂರು ತಿಂಡಿ, ಕತ್ತರಿಸಿದ ಹಣ್ಣು ಇದ್ದರೆ ಸಾಕು. ಏಳೆಂಟು ಬಗೆ ಮಾಡಲು ಹೊರಟರೆ ಎಲ್ಲವನ್ನೂ ಮಧ್ಯಾಹ್ನವೇ ಕಲಸಿಡಬೇಕಾಗುತ್ತದೆ, ಕೆಡುವುದೂ ಅಲ್ಲೇ.

ಮೊದಲು ಕುಡಿಯುವುದು

ಕೂಟದಲ್ಲಿ ಲೆಕ್ಕಕ್ಕೆ ಸಿಗದೆ ಒಳಗೆ ಹೋಗುವ ಸಕ್ಕರೆ ಲೋಟದ್ದು. ಕೋಲಾದಂಥ ಪಾನೀಯದಲ್ಲಿ 100 ಮಿಲಿಗೆ ಸುಮಾರು 10.6 ಗ್ರಾಂ ಸಕ್ಕರೆ ಇರುತ್ತದೆ. 250 ಮಿಲಿಯ ಒಂದು ಲೋಟದಲ್ಲಿ ಐದಾರು ಟೀ ಚಮಚ ಸಕ್ಕರೆ ಹೋದಂತಾಯಿತು. ಸೇರಿಸಿದ ಸಕ್ಕರೆ, ಬೆಲ್ಲ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಕೂಡಿ ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಶೇ. 5 ಎಂದರೆ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ. ಒಂದೇ ಲೋಟ ಕೋಲಾ ಅದನ್ನು ಮುಗಿಸುತ್ತದೆ.

ಈ ಲೆಕ್ಕದಲ್ಲಿ ಬೆಲ್ಲಕ್ಕೂ ರಿಯಾಯಿತಿ ಇಲ್ಲ. ಲೀಟರಿಗೆ 120ರಿಂದ 150 ಗ್ರಾಂ ಬೆಲ್ಲ ಹಾಕಿದ ಪಾನಕ ಸಿಹಿಯಲ್ಲಿ ಕೋಲಾಕ್ಕೇನೂ ಕಡಿಮೆಯಲ್ಲ. ಲೀಟರಿಗೆ 55 ಗ್ರಾಂ ಸಾಕು, ಆದರೆ ಉಳಿದ ರುಚಿ ಗಟ್ಟಿಯಾಗಿರಬೇಕು. 4 ಲೀಟರ್ ಪಾನಕಕ್ಕೆ 220 ಗ್ರಾಂ ಬೆಲ್ಲ, 5 ನಿಂಬೆಹಣ್ಣು, 10 ಏಲಕ್ಕಿ, ಒಂದೂವರೆ ಟೀ ಚಮಚ ಒಣಶುಂಠಿ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಎರಡು ಚಿಟಿಕೆ ಉಪ್ಪು ತೆಗೆದುಕೊಳ್ಳಿ. ತಣ್ಣೀರಲ್ಲಿ ಬೆಲ್ಲ ಬೇಗ ಕರಗುವುದಿಲ್ಲ, ತಳದಲ್ಲಿ ಕೂತು ಕೊನೆಯ ಲೋಟಗಳಷ್ಟೇ ಸಿಹಿಯಾಗುತ್ತವೆ. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ತಣ್ಣಗಾದ ಮೇಲೆ ಉಳಿದ ನೀರು ಸೇರಿಸಿ. ನಿಂಬೆರಸ ಕೊನೆಗೆ. ಬಿಸಿಗೆ ಹಿಂಡಿದರೆ ಪರಿಮಳ ಹೋಗುತ್ತದೆ.

ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ಎನಿಸುತ್ತದೆ. ಬೆಚ್ಚಗಿದ್ದಾಗ ಸರಿಯಾಗಿದ್ದ ಪಾನಕ ಫ್ರಿಜ್ಜಿನಿಂದ ತೆಗೆದಾಗ ಸಪ್ಪೆ ಅನಿಸಿ, ಮತ್ತೆ ಬೆಲ್ಲ ಹಾಕುವುದು ಸಾಮಾನ್ಯ ತಪ್ಪು. ಇನ್ನೆರಡು ಏಲಕ್ಕಿ ಕುಟ್ಟಿ ಹಾಕಿ, ಅರ್ಧ ನಿಂಬೆ ಹಿಂಡಿ ನೋಡಿ. ಮಡಕೆಯಲ್ಲಿಟ್ಟಷ್ಟು ತಂಪು ಪಾನಕಕ್ಕೆ ಸರಿ. ಐಸ್ ಬೇಕೇಬೇಕು ಎನ್ನುವವರು ಪಾನಕವನ್ನೇ ಐಸ್ ಟ್ರೇಗೆ ಹುಯ್ದು ಗಟ್ಟಿ ಮಾಡಿಟ್ಟುಕೊಳ್ಳಲಿ. ಕರಗಿದರೂ ತೆಳುವಾಗುವುದಿಲ್ಲ.

ಕರಾವಳಿಯವರಿಗೆ ಪಾನಕದ ಬದಲು ಪುನರ್ಪುಳಿ ಇದೆ, ಉತ್ತರ ಕನ್ನಡದ ಕಡೆಯವರಿಗೆ ಅದೇ ಮುರುಗಲು. 4 ಲೀಟರಿಗೆ 100 ಗ್ರಾಂ ಒಣ ಸಿಪ್ಪೆಯನ್ನು ಎರಡು ಗಂಟೆ ನೆನೆಸಿ ಚೆನ್ನಾಗಿ ಹಿಸುಕಿ ಸೋಸಿ, ಹುರಿದ ಜೀರಿಗೆ ಪುಡಿ ಹಾಕಿ. ಸಿಹಿ ಪಾನಕದಷ್ಟೇ. ಕೆಲವು ಸಿಪ್ಪೆಗೆ ಮೊದಲೇ ಉಪ್ಪು ಹಾಕಿ ಒಣಗಿಸಿರುತ್ತಾರೆ, ಆದ್ದರಿಂದ ರುಚಿ ನೋಡದೆ ಉಪ್ಪು ಹಾಕಬೇಡಿ. ಹುಳಿ ಇರುವ ಇಂಥ ಪಾನೀಯಗಳನ್ನು ಅಲ್ಯೂಮಿನಿಯಂ ಪಾತ್ರೆಯಲ್ಲಾಗಲಿ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಾಗಲಿ ಇಡಬಾರದು. ಹುಳಿ ಲೋಹವನ್ನು ಕರಗಿಸುತ್ತದೆ. ಸ್ಟೀಲ್, ಗಾಜು, ಮಣ್ಣಿನ ಪಾತ್ರೆ ಸರಿ. ಮಜ್ಜಿಗೆಗೂ ಇದೇ ನಿಯಮ.

ಮಜ್ಜಿಗೆಗೆ 2 ಲೀಟರ್ ಗಟ್ಟಿ ಮೊಸರು, 5 ಲೀಟರ್ ನೀರು. 200 ಮಿಲಿಯ 35 ಲೋಟ ಆಗುತ್ತದೆ. ಮೊದಲು ಒಂದು ಲೀಟರ್ ನೀರು ಮಾತ್ರ ಹಾಕಿ ಕಡೆಯಿರಿ, ಗಂಟು ಹೋದ ಮೇಲೆ ಉಳಿದದ್ದು. ಒಟ್ಟಿಗೆ ಸುರಿದರೆ ಮೊಸರು ಚೂರುಚೂರಾಗಿ ತೇಲುತ್ತದೆ. 25 ಗ್ರಾಂ ಶುಂಠಿ, 3 ಹಸಿಮೆಣಸಿನಕಾಯಿ, ಒಂದು ಹಿಡಿ ಕರಿಬೇವು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಜಜ್ಜಿ, ಸ್ವಲ್ಪ ಮಜ್ಜಿಗೆಯಲ್ಲಿ ಹತ್ತು ನಿಮಿಷ ಬಿಟ್ಟು ಸೋಸಿ ಸೇರಿಸಿ. ಇಂಗು ಕಾಲು ಚಮಚ. ಉಪ್ಪು ಒತ್ತಿ ತುಂಬದ 4 ಟೀ ಚಮಚ. ಲೋಟಕ್ಕೆ ಅರ್ಧ ಗ್ರಾಂಗಿಂತ ಸ್ವಲ್ಪ ಹೆಚ್ಚು ಬಿದ್ದೀತು. ದಿನವಿಡೀ 5 ಗ್ರಾಂ ಉಪ್ಪಿನೊಳಗೆ ಇರಬೇಕಾದಾಗ ಇದು ತಡೆದುಕೊಳ್ಳಬಹುದಾದ ಪ್ರಮಾಣ. ರಕ್ತದೊತ್ತಡ ಇರುವ ಹಿರಿಯರಿಗೆ ಉಪ್ಪು ಹಾಕುವ ಮೊದಲೇ ಒಂದು ಚೊಂಬು ಎತ್ತಿಡಿ. ಬೇಸಿಗೆಯಲ್ಲಿ ಮಜ್ಜಿಗೆ ಎರಡು ಗಂಟೆ ಹೊರಗಿದ್ದರೆ ಹುಳಿಯಾಗುತ್ತದೆ, ಆದ್ದರಿಂದ ಮೊಸರನ್ನು ಫ್ರಿಜ್ಜಿನಲ್ಲಿಟ್ಟು ಎರಡು ಕಂತಿನಲ್ಲಿ ಕಡೆಯಿರಿ. ಹುಳಿಯಾದದ್ದಕ್ಕೆ ಇನ್ನಷ್ಟು ಉಪ್ಪು ಹಾಕಿ ಮುಚ್ಚಲು ಹೋಗಬೇಡಿ, ಎರಡು ಲೋಟ ಕಾಯಿಸಿ ಆರಿಸಿದ ಹಾಲು ಬೆರೆಸಿದರೆ ಸರಿಹೋಗುತ್ತದೆ.

ಬಂದವರ ಕೈಗೆ ಮೊದಲ ಹತ್ತು ನಿಮಿಷದಲ್ಲೇ ಮಜ್ಜಿಗೆ ಕೊಡಿ. ಬಾಯಾರಿ ಬಂದವರು ಎದುರಿಗೆ ಸಿಕ್ಕ ಸಿಹಿ ಪಾನೀಯವನ್ನು ನೀರಿನ ಹಾಗೆ ಗಟಗಟ ಕುಡಿಯುತ್ತಾರೆ. ಸಿಹಿ ಪಾನೀಯಕ್ಕೆ 150 ಮಿಲಿ ಲೋಟ, ನೀರಿಗೆ ದೊಡ್ಡ ಲೋಟ. ಎಳನೀರು ಕೊಡುವುದಾದರೆ ಒಂದು ಎಚ್ಚರಿಕೆ: ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಕಿಡ್ನಿ ತೊಂದರೆ ಇರುವವರಿಗೆ ಅದು ಬೇಡ.

ಕೋಸಂಬರಿ ನೀರು ಬಿಡದಂತೆ

ರಾಮನವಮಿಯ ಪೆಂಡಾಲುಗಳಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಒಟ್ಟಿಗೆ ಹಂಚುತ್ತಾರೆ. ಸೆಕೆಗಾಲದ ಕೂಟಕ್ಕೆ ಅದಕ್ಕಿಂತ ಒಪ್ಪುವ ಜೋಡಿ ಸಿಗುವುದು ಕಷ್ಟ. 25 ಜನರಿಗೆ 700 ಗ್ರಾಂ ಹೆಸರುಬೇಳೆ ಬೇಕು, ನೆನೆದಾಗ ತೂಕ ಸುಮಾರು ಎರಡರಷ್ಟಾಗುತ್ತದೆ. ಒಂದರಿಂದ ಒಂದೂವರೆ ಗಂಟೆ ನೆನೆಸಿ. ಉಗುರಿನಿಂದ ಒತ್ತಿದರೆ ಬೇಳೆ ಮುರಿಯಬೇಕು, ಹಿಟ್ಟಾಗಬಾರದು. ರಾತ್ರಿಯೇ ನೆನೆಸಿಟ್ಟ ಬೇಳೆ ಲೋಳೆಯಾಗಿ ವಾಸನೆ ಹಿಡಿಯುತ್ತದೆ. ಜರಡಿಯಲ್ಲಿ ಅರ್ಧ ಗಂಟೆ ಬಸಿದು, ಒಣ ಬಟ್ಟೆಯ ಮೇಲೆ ಹರವಿ. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ.

ಒಂದು ಕಿಲೋ ಎಳೆ ಸೌತೆಕಾಯಿಯನ್ನು ಬೀಜದ ತಿರುಳು ತೆಗೆದು ಸಣ್ಣಗೆ ಹೆಚ್ಚಿ. ತುರಿದರೆ ಬೇಗ ನೀರಾಗುತ್ತದೆ. ಅರ್ಧ ಟೀ ಚಮಚ ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು ಹಿಂಡಿ. ಉಪ್ಪು ತರಕಾರಿಯ ನೀರನ್ನು ಹೊರಗೆ ಎಳೆಯುತ್ತದೆ. ಆ ನೀರು ಬಡಿಸಿದ ಮೇಲೆ ದೊನ್ನೆಯಲ್ಲಿ ಬರುವ ಬದಲು ಈಗಲೇ ಬರಲಿ. ಹಿಂಡಿದ ನೀರನ್ನು ಮಜ್ಜಿಗೆಗೆ ಸುರಿಯಿರಿ, ಒಳ್ಳೆಯ ಪರಿಮಳ, ಆದರೆ ಅಲ್ಲಿನ ಉಪ್ಪು ಅಷ್ಟು ಕಡಿಮೆ ಮಾಡಿ. ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಹಸಿಮೆಣಸು, ಕರಿಬೇವು, ಇಂಗಿನ ಒಗ್ಗರಣೆ ಮಾಡಿ ಪೂರ್ತಿ ಆರಲು ಬಿಡಿ. ಬಿಸಿ ಒಗ್ಗರಣೆ ಬಿದ್ದರೂ ಸೌತೆ ಬಾಡಿ ನೀರು ಬಿಡುತ್ತದೆ.

ಬೇಳೆ, ಸೌತೆ, ಒಂದು ತೆಂಗಿನಕಾಯಿಯ ತುರಿ, ಒಗ್ಗರಣೆ ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿರಲಿ. ಬಡಿಸುವ ಹತ್ತು ನಿಮಿಷ ಮೊದಲು ಮೂರನೇ ಒಂದು ಭಾಗ ಮಾತ್ರ ಬೆರೆಸಿ, ಆಗಲೇ ಉಪ್ಪು, ನಿಂಬೆ. ಅದು ಮುಗಿಯುತ್ತಿದ್ದಂತೆ ಮುಂದಿನ ಭಾಗ. ಹೀಗೆ ಮಾಡಿದರೆ ಏಳು ಗಂಟೆಗೆ ಬಂದವರಿಗೂ ಕೋಸಂಬರಿ ಕರುಮ್ ಎನ್ನುತ್ತದೆ.

ಆಂಬೊಡೆಯ ಬದಲು ನುಚ್ಚಿನುಂಡೆ

ಬೇಳೆ, ಸಬ್ಬಸಿಗೆ, ತೆಂಗಿನಕಾಯಿ, ಹಸಿಮೆಣಸು, ಶುಂಠಿ, ಇಂಗು. ಆಂಬೊಡೆಗೂ ನುಚ್ಚಿನುಂಡೆಗೂ ಸಾಮಾನು ಹೆಚ್ಚುಕಡಿಮೆ ಒಂದೇ. ಒಂದು ಎಣ್ಣೆಯಲ್ಲಿ ಮುಳುಗುತ್ತದೆ, ಇನ್ನೊಂದು ಹಬೆಯಲ್ಲಿ ಬೇಯುತ್ತದೆ. ತೊಗರಿಬೇಳೆ 300 ಗ್ರಾಂ, ಕಡಲೆಬೇಳೆ 200 ಗ್ರಾಂ ಮೂರು ಗಂಟೆ ನೆನೆಸಿ, ಚೆನ್ನಾಗಿ ಬಸಿದು, ನೀರು ಹಾಕದೆ ತರಿತರಿಯಾಗಿ ರುಬ್ಬಿ. ಒಂದು ದೊಡ್ಡ ಕಟ್ಟು ಸಬ್ಬಸಿಗೆ, ಒಂದು ಬಟ್ಟಲು ತೆಂಗಿನತುರಿ, ಉಪ್ಪು ಸೇರಿಸಿ ನಿಂಬೆಗಾತ್ರದ ಉಂಡೆ ಕಟ್ಟಿದರೆ 40ರ ಹತ್ತಿರ ಆಗುತ್ತವೆ. ಎಣ್ಣೆ ಸವರಿದ ಇಡ್ಲಿ ತಟ್ಟೆಯಲ್ಲಿ 12ರಿಂದ 15 ನಿಮಿಷ ಹಬೆ.

ಇದು ಕೆಡುವುದು ರುಬ್ಬುವಾಗ. ನುಣ್ಣಗಾದರೆ ಉಂಡೆ ರಬ್ಬರಿನಂತೆ ಗಟ್ಟಿ. ನೀರು ಬಿದ್ದರೆ ಕಟ್ಟಲು ಬರುವುದಿಲ್ಲ, ಆಗ ಎರಡು ಚಮಚ ಅಕ್ಕಿಹಿಟ್ಟು ಬೆರೆಸಬಹುದು. ಮಿಕ್ಸಿಯನ್ನು ಒಂದೇ ಸಮ ಓಡಿಸದೆ ಬಿಟ್ಟುಬಿಟ್ಟು ತಿರುಗಿಸಿ, ಅಲ್ಲೊಂದು ಇಲ್ಲೊಂದು ಇಡೀ ಬೇಳೆ ಉಳಿದರೆ ಒಳ್ಳೆಯದೇ. ಮಧ್ಯಾಹ್ನವೇ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಟ್ಟು, ಜನ ಬಂದ ಮೇಲೆ ಕಂತಿನಲ್ಲಿ ಬೇಯಿಸಿ. ಬೆಂದದ್ದನ್ನು ಆರಲು ಬಿಟ್ಟು ಮತ್ತೆ ಬಿಸಿ ಮಾಡಿದರೆ ಒಣಗಿ ಗಂಟಲಿಗೆ ಹಿಡಿಯುತ್ತದೆ. ಜೊತೆಗೆ ಕಾಯಿ ಚಟ್ನಿ ಅಥವಾ ಮಜ್ಜಿಗೆ ಹುಳಿ.

ಮೂರನೆಯದು ಉಸ್ಲಿ ಆಗಬಹುದು. 600 ಗ್ರಾಂ ಕಡಲೆಕಾಳು ರಾತ್ರಿ ನೆನೆಸಿ, ಬೆಳಿಗ್ಗೆ ಬೇಯಿಸಿ, ಕಟ್ಟನ್ನು ಸಾರಿಗೆ ಎತ್ತಿಟ್ಟು, ಸಂಜೆ ಒಗ್ಗರಣೆ. ಅಡುಗೆ ಸೋಡಾ ಬೇಡ, ಸಿಪ್ಪೆ ಕಳಚಿ ಕಾಳು ಮುದ್ದೆಯಾಗುತ್ತದೆ, ಬಿ ಜೀವಸತ್ವವೂ ಹಾಳು. ಮೊಳಕೆ ಹೆಸರುಕಾಳಾದರೆ ಐದು ನಿಮಿಷ ಹಬೆಯಲ್ಲಿಡಿ. ಮೊಳಕೆ ಬರುವ ಬೆಚ್ಚಗಿನ ತೇವದಲ್ಲೇ ಬ್ಯಾಕ್ಟೀರಿಯಾ ಕೂಡ ಬೆಳೆಯುವುದರಿಂದ ಗರ್ಭಿಣಿಯರಿಗೆ, ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ಹಸಿ ಮೊಳಕೆ ಕೊಡಬಾರದು. ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಳು ಸಿಗುವಾಗ ಬೇರೆ ಕಾಳಿನ ಯೋಚನೆಯೇ ಬೇಡ.

ಚುರುಮುರಿಯ ಬಗ್ಗೆ ಒಂದು ತಿದ್ದುಪಡಿ

ಎಣ್ಣೆ ಇಲ್ಲ ಎಂದು ಮಂಡಕ್ಕಿಯನ್ನು ಎಲ್ಲರಿಗೂ ಒಳ್ಳೆಯದೆಂದು ಬಡಿಸುತ್ತೇವೆ. ಮಂಡಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಸಕ್ಕರೆ ಕಾಯಿಲೆ ಇರುವವರ ದೊನ್ನೆಯಲ್ಲಿ ಅರ್ಧ ಮಂಡಕ್ಕಿ, ಅರ್ಧ ಬೆಂದ ಕಾಳು, ತುರಿದ ಕ್ಯಾರೆಟ್, ಹುರಿದ ಕಡಲೆಕಾಯಿ ಬೀಜ ಇರಲಿ. 25 ಜನರಿಗೆ ಅರ್ಧ ಕಿಲೋ ಮಂಡಕ್ಕಿ ಸಾಕು. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬೆಚ್ಚಗೆ ಮಾಡಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುವಂತಾದಾಗ ಇಳಿಸಿ, ಆರಿದ ಮೇಲೆ ಡಬ್ಬಿಗೆ. ಟೊಮೆಟೊ ತಿರುಳು ತೆಗೆದು ಹೆಚ್ಚಿ. ನಾಲ್ಕೈದು ಜನಕ್ಕಾಗುವಷ್ಟೇ ಕಲಸಿ ಕೈಗೆ ಕೊಡಿ, ಐದು ನಿಮಿಷದಲ್ಲಿ ತಿಂದು ಮುಗಿಯಬೇಕು. ಹುಬ್ಬಳ್ಳಿ ಧಾರವಾಡದ ಗಿರ್ಮಿಟ್‌ಗೂ ಇದೇ ಅವಸರ, ಅದರ ಹುಣಸೆ ಗೊಜ್ಜು ಇನ್ನೂ ಬೇಗ ಮೆತ್ತಗೆ ಮಾಡುತ್ತದೆ.

ಮಕ್ಕಳ ತಟ್ಟೆಯಲ್ಲಿ ನೋಡಬೇಕಾದ್ದು ಸಕ್ಕರೆ ಮಾತ್ರ ಅಲ್ಲ. ಐದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ, ಪುಡಿ ಮಾಡಿ ಹಾಕಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿ ಕೊಡಿ.

ಒಂದಾದರೂ ಕರಿದ ತಿಂಡಿ ಬೇಕು ಎಂದು ಮನೆಯವರು ಹಟ ಹಿಡಿದರೆ ಒಂದೇ ಇರಲಿ, ಕೊನೆಯಲ್ಲಿ ಬರಲಿ, ತಲೆಗೆ ಎರಡು. ಹಿಟ್ಟಿನ ಹನಿ ಬಿಟ್ಟ ಕೂಡಲೇ ಮೇಲೆದ್ದರೆ ಎಣ್ಣೆ ಕಾದಿದೆ ಎಂದರ್ಥ. ಕಾಯದ ಎಣ್ಣೆಯಲ್ಲಿ ಬಿಟ್ಟ ಬಜ್ಜಿ ಎಣ್ಣೆ ಕುಡಿಯುತ್ತದೆ, ಒಂದೇ ಸಲ ತುಂಬ ಬಿಟ್ಟರೂ ಹಾಗೆಯೇ. ಕರಿದುಳಿದ ಎಣ್ಣೆಯನ್ನು ಮುಂದಿನ ಕೂಟಕ್ಕೆ ಎತ್ತಿಡಬೇಡಿ.

ಹೊರಗೆ ಹೋದಾಗ

ಜ್ಯೂಸ್ ಅಂಗಡಿಯಲ್ಲಿ ಹಣ್ಣು ಕತ್ತರಿಸುವ ಮೊದಲೇ ‘ಸಕ್ಕರೆ ಬೇಡ, ಐಸ್ ಬೇಡ’ ಎನ್ನಿ, ಮಿಕ್ಸಿ ತಿರುಗಿದ ಮೇಲೆ ಹೇಳಿ ಪ್ರಯೋಜನ ಇಲ್ಲ. ದರ್ಶಿನಿಯಲ್ಲಿ ಇಡ್ಲಿ, ಖಾಲಿ ದೋಸೆ ಎಲ್ಲೆಡೆ ಸಿಗುತ್ತವೆ. ಕಣ್ಣು ಕುಕ್ಕುವ ಕೆಂಪು ಗೋಬಿ ಮಂಚೂರಿ ಕಂಡರೆ ಬಿಟ್ಟುಬಿಡಿ: ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಪ್ಯಾಕೆಟ್ ತಿಂಡಿ ಕೊಳ್ಳುವಾಗ ಹಿಂಬದಿಯ ಸೋಡಿಯಂ ಅಂಕಿಯನ್ನು ಎರಡೂವರೆಯಿಂದ ಗುಣಿಸಿ, ಉಪ್ಪು ಎಷ್ಟೆಂದು ಸಿಗುತ್ತದೆ. 100 ಗ್ರಾಂನಲ್ಲಿ 800 ಮಿಲಿಗ್ರಾಂ ಸೋಡಿಯಂ ಎಂದರೆ 2 ಗ್ರಾಂ ಉಪ್ಪು. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ಹಣ್ಣಿನ ರಸದಲ್ಲೂ ಹಣ್ಣಿನದೇ ಸಕ್ಕರೆ 100 ಮಿಲಿಗೆ 10 ಗ್ರಾಂನ ಆಸುಪಾಸು ಇರಬಹುದು, ಅದನ್ನೂ ಓದಿ ನೋಡಿ.

ಕೂಟ ಮುಗಿದ ಮೇಲೆ ತೆಂಗಿನಕಾಯಿ ಬೆರೆಸಿದ ಕೋಸಂಬರಿ, ಉಸ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿದ್ದರೆ ಕಟ್ಟಿ ಕಳಿಸಬೇಡಿ. ಏಪ್ರಿಲ್, ಮೇ ಸೆಕೆಯಲ್ಲಿ ಒಂದೇ ಗಂಟೆ. ಬೆರೆಸದೆ ಫ್ರಿಜ್ಜಿನಲ್ಲೇ ಉಳಿದ ಬೇಳೆಯನ್ನು ಮರುದಿನ ಪಲ್ಯಕ್ಕೋ ಪಡ್ಡಿನ ಹಿಟ್ಟಿಗೋ ಹಾಕಬಹುದು, ಬೇಯಿಸದ ನುಚ್ಚಿನುಂಡೆಯನ್ನು ಬೆಳಗಿನ ತಿಂಡಿಗೆ ಹಬೆಯಲ್ಲಿಡಬಹುದು.